ಭತ್ತದ ಗದ್ದೆಯ ಸೊಳ್ಳೆ ಮತ್ತು ಮೆದುಳು ಜ್ವರ: ಮಂಡ್ಯ ಸೀಮೆಯ ಸಂಶೋಧನೆ ಏನು ಹೇಳುತ್ತದೆ?

"ಚರಂಡಿ ಸ್ವಚ್ಛವಾಗಿದ್ದರೆ ಸಾಕು, ಸೊಳ್ಳೆಯಿಂದ ಬರುವ ಕಾಯಿಲೆ ಬರುವುದಿಲ್ಲ" ಎಂಬ ಮಾತನ್ನು ಎಲ್ಲರೂ ಕೇಳಿರುತ್ತೇವೆ. ಈ ಮಾತು ಅರ್ಧ ಮಾತ್ರ ನಿಜ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ತಾಲೂಕುಗಳಂತಹ ನಾಲೆ ನೀರಾವರಿ ಇರುವ ಕಡೆ, ಮಕ್ಕಳ ಪ್ರಾಣಕ್ಕೇ ಕುತ್ತು ತರುವ ಒಂದು ಕಾಯಿಲೆಯ ಸೊಳ್ಳೆ ಹುಟ್ಟುವುದು ಮುಖ್ಯವಾಗಿ ಚರಂಡಿಯಲ್ಲಲ್ಲ, ಹಸಿರು ಭತ್ತದ ಗದ್ದೆಯಲ್ಲಿ. ಆ ಕಾಯಿಲೆಯೇ ಜಪಾನೀಸ್ ಎನ್ಸೆಫಲೈಟಿಸ್. ಜನ ಇದನ್ನು ಮೆದುಳು ಜ್ವರ ಎನ್ನುತ್ತಾರೆ.

ಈ ಕಾಯಿಲೆ ಹೇಗೆ ಹರಡುತ್ತದೆ, ಮಂಡ್ಯ ಜಿಲ್ಲೆಯಲ್ಲಿ ಇದರ ಬಗ್ಗೆ ಯಾವ ಅಧ್ಯಯನಗಳು ನಡೆದಿವೆ, ಇದರ ಸುತ್ತ ಇರುವ ತಪ್ಪು ತಿಳಿವಳಿಕೆಗಳು ಯಾವುವು ಎಂಬುದನ್ನು ನೋಡೋಣ.

ಹಳೆಯ ಕಥೆ: ಜ್ವರಕ್ಕೆ ಹೆದರಿದ ಸೇನೆ

ಕಾವೇರಿ ತೀರದ ಈ ಸೀಮೆಗೂ ಸೊಳ್ಳೆಗೂ ನಂಟು ಹಳೆಯದು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ನಂತರ ಬ್ರಿಟಿಷರು ಶ್ರೀರಂಗಪಟ್ಟಣದಲ್ಲಿ ಸೇನೆ ಇರಿಸಿದ್ದರು. ಸೈನಿಕರು ಜ್ವರದಿಂದ ಹಾಸಿಗೆ ಹಿಡಿಯುತ್ತಲೇ ಇದ್ದರು. 1809ರ ಸುಮಾರಿಗೆ ದಂಡು ಬೆಂಗಳೂರಿಗೆ ಹೋಗಲು ಇದು ಮುಖ್ಯ ಕಾರಣ. ಆಗ ಜ್ವರಕ್ಕೆ ಕಾರಣ ಕೆಟ್ಟ ಗಾಳಿ ಎಂದೇ ನಂಬಿದ್ದರು. ಮಲೇರಿಯಾ ಎಂಬ ಪದದ ಅರ್ಥವೂ ಅದೇ. ನಿಜವಾದ ಕಾರಣ ಸೊಳ್ಳೆ ಎಂದು ರೊನಾಲ್ಡ್ ರಾಸ್ ಸಿಕಂದರಾಬಾದ್‌ನಲ್ಲಿ ಕಂಡುಕೊಂಡದ್ದು 1897ರ ಆಗಸ್ಟ್ 20ರಂದು.

ಮುಂದೆ ಕನ್ನಂಬಾಡಿ ಕಟ್ಟೆ ಎದ್ದಿತು. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಒಣಭೂಮಿಗೆ ನೀರು ತಂದಿತು. ಅನ್ನದ ಜೊತೆಗೆ ಮಲೇರಿಯಾವೂ ಬಂತು. ಜೌಗು ನೀರು, ನಾಲೆಯ ಅಂಚು, ಆಗಷ್ಟೇ ನಾಟಿ ಮಾಡಿದ ಗದ್ದೆ, ಇವೆಲ್ಲ ಅನಾಫಿಲಿಸ್ ಸೊಳ್ಳೆಗೆ ಒಳ್ಳೆಯ ತಾಣಗಳು.

ಮೈಸೂರು ಸಂಸ್ಥಾನ ಆ ಹೊತ್ತಿಗೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಾರ್ವಜನಿಕ ಆರೋಗ್ಯದ ಕೆಲಸ ಶುರುಮಾಡಿತ್ತು. 1929ರಲ್ಲಿ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ಆರಂಭವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಕಲ್ಪನೆಯನ್ನು ಭೋರ್ ಸಮಿತಿ ದೇಶದ ಮುಂದಿಟ್ಟದ್ದು 1946ರಲ್ಲಿ. ಅದಕ್ಕೂ ಮೊದಲೇ ಹಳ್ಳಿಯ ಆರೋಗ್ಯವನ್ನು ಹಳ್ಳಿಯಲ್ಲೇ ನೋಡಿಕೊಳ್ಳುವ ಪ್ರಯತ್ನ ಇಲ್ಲಿ ನಡೆದಿತ್ತು.

ಅದೇ ಕಾಲದಲ್ಲಿ ಸಂಸ್ಥಾನದಲ್ಲಿ ಮಲೇರಿಯಾ ಅಧ್ಯಯನ ಮಾಡುತ್ತಿದ್ದ ಡಬ್ಲ್ಯು. ಸಿ. ಸ್ವೀಟ್ ಮತ್ತು ಬಿ. ಎ. ರಾವ್ 1937ರಲ್ಲಿ ಒಂದು ಮುಖ್ಯ ವಿಷಯ ಪ್ರಕಟಿಸಿದರು. ಅನಾಫಿಲಿಸ್ ಸ್ಟೀಫನ್ಸಿ ಎಂಬ ಸೊಳ್ಳೆಯಲ್ಲಿ ಎರಡು ಬಗೆಗಳಿವೆ. ಹೊರನೋಟಕ್ಕೆ ಎರಡೂ ಒಂದೇ. ಮೊಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರ ತೇಲುವ ಭಾಗದ ಮೇಲಿನ ಏಣುಗಳನ್ನು ಎಣಿಸಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಅವುಗಳಲ್ಲಿ ಒಂದಕ್ಕೆ ಅವರು ಕೊಟ್ಟ ಹೆಸರು 'ಮೈಸೂರೆನ್ಸಿಸ್'. ನಗರದ ಬಗೆ ಮಲೇರಿಯಾವನ್ನು ಚೆನ್ನಾಗಿ ಹರಡುತ್ತದೆ, ಹಳ್ಳಿಯ ಮೈಸೂರೆನ್ಸಿಸ್ ಅಷ್ಟಾಗಿ ಹರಡುವುದಿಲ್ಲ. ಸೊಳ್ಳೆ ಎಂದರೆ ಎಲ್ಲವೂ ಒಂದೇ ಅಲ್ಲ ಎಂಬ ಪಾಠ ಇಲ್ಲಿದೆ.

ಯಾವ ನೀರಿಗೆ ಯಾವ ಸೊಳ್ಳೆ?

ಡೆಂಗಿ, ಚಿಕೂನ್‌ಗುನ್ಯ: ಈಡಿಸ್ ಸೊಳ್ಳೆ. ಡ್ರಮ್, ತೊಟ್ಟಿ, ಹಳೆ ಟೈರು, ತೆಂಗಿನ ಚಿಪ್ಪಿನಲ್ಲಿ ನಿಂತ ತಿಳಿ ನೀರಿನಲ್ಲಿ ಹುಟ್ಟುತ್ತದೆ. ಹಗಲು ಕಚ್ಚುತ್ತದೆ.

ಹಳ್ಳಿಯ ಮಲೇರಿಯಾ: ಮುಖ್ಯವಾಗಿ ಅನಾಫಿಲಿಸ್ ಕ್ಯುಲಿಸಿಫೇಸೀಸ್. ನಾಲೆ, ಜೌಗು, ಎಳೆಯ ಪೈರಿನ ಗದ್ದೆಯಲ್ಲಿ ಹುಟ್ಟುತ್ತದೆ. ರಾತ್ರಿ ಕಚ್ಚುತ್ತದೆ.

ಆನೆಕಾಲು ರೋಗ: ಕ್ಯುಲೆಕ್ಸ್ ಕ್ವಿಂಕ್ವಿಫೇಸಿಯೇಟಸ್. ಇದೇ ಚರಂಡಿ ಸೊಳ್ಳೆ. ಕೊಳಚೆ ನೀರು ಇದರ ತವರು.

ಜಪಾನೀಸ್ ಎನ್ಸೆಫಲೈಟಿಸ್: ಕ್ಯುಲೆಕ್ಸ್ ಟ್ರೈಟೀನಿಯೋರಿಂಕಸ್, ಕ್ಯುಲೆಕ್ಸ್ ವಿಷ್ಣುಯಿ ಮುಂತಾದವು. ನೀರು ಕಟ್ಟಿದ ಭತ್ತದ ಗದ್ದೆಯಲ್ಲಿ ಹುಟ್ಟುತ್ತವೆ. ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ, ಹೆಚ್ಚಾಗಿ ಮನೆಯ ಹೊರಗೆ ಕಚ್ಚುತ್ತವೆ.

1983ರಲ್ಲಿ ಮಂಡ್ಯದಲ್ಲಿ ಏನಾಯಿತು?

ಭಾರತದಲ್ಲಿ ಈ ಕಾಯಿಲೆ ಮೊದಲು ಗುರುತಾದದ್ದು 1955ರಲ್ಲಿ, ತಮಿಳುನಾಡಿನ ವೆಲ್ಲೂರಿನಲ್ಲಿ. ನಂತರದ ದಶಕಗಳಲ್ಲಿ ಕೋಲಾರ, ಮಂಡ್ಯ ಭಾಗದಲ್ಲೂ ಕಾಣಿಸಿಕೊಂಡಿತು. 1983ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಸಾಂಕ್ರಾಮಿಕವಾಗಿ ಹರಡಿದಾಗ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಇಲ್ಲಿನ ಸೊಳ್ಳೆಗಳನ್ನು ಅಧ್ಯಯನ ಮಾಡಿದರು. ಆ ವರದಿ 1984ರಲ್ಲಿ ಪ್ರಕಟವಾಯಿತು. ಜಿಲ್ಲೆಯ ಸೊಳ್ಳೆಗಳ ಬಗ್ಗೆ ಇದೇ ಸಂಸ್ಥೆಯವರ ಇನ್ನೊಂದು ಅಧ್ಯಯನ 1994ರಲ್ಲಿ ಹೊರಬಂತು.

ಇಂಥ ಅಧ್ಯಯನ ನಡೆಯುವ ಬಗೆ ಹೀಗೆ: ಸಂಜೆ ಕತ್ತಲಾಗುತ್ತಿದ್ದಂತೆ ಟಾರ್ಚು ಮತ್ತು ಗಾಜಿನ ಹೀರುಕೊಳವೆ ಹಿಡಿದು ದನದ ಕೊಟ್ಟಿಗೆ, ಹಂದಿಗೂಡುಗಳ ಬಳಿ ಸೊಳ್ಳೆ ಹಿಡಿಯುತ್ತಾರೆ. ಜಾತಿವಾರು ಬೇರ್ಪಡಿಸಿ ಎಣಿಸುತ್ತಾರೆ. ಒಂದೇ ಜಾತಿಯ ಹಲವು ಸೊಳ್ಳೆಗಳನ್ನು ಒಟ್ಟಿಗೆ ಅರೆದು ವೈರಾಣು ಇದೆಯೇ ಎಂದು ಪರೀಕ್ಷಿಸುತ್ತಾರೆ. ಹೊಟ್ಟೆಯಲ್ಲಿರುವ ರಕ್ತ ಯಾವ ಪ್ರಾಣಿಯದು ಎಂದೂ ನೋಡುತ್ತಾರೆ. ಹೀಗೆ ಬಿಡಿಸಿ ನೋಡಿದಾಗ ಸಿಕ್ಕ ಚಿತ್ರ ಇದು:

ವೈರಾಣು ಇರುವುದು ಬೆಳ್ಳಕ್ಕಿ, ಕೊಳದ ಬಕಗಳಂತಹ ನೀರುಹಕ್ಕಿಗಳಲ್ಲಿ. ಅವುಗಳಿಂದ ಸೊಳ್ಳೆಗೆ, ಸೊಳ್ಳೆಯಿಂದ ಹಂದಿಗೆ ಹೋಗುತ್ತದೆ. ಹಂದಿಯ ರಕ್ತದಲ್ಲಿ ವೈರಾಣು ಬಹಳ ಬೇಗ ಹೆಚ್ಚುತ್ತದೆ, ಆದರೆ ದೊಡ್ಡ ಹಂದಿಗಳಲ್ಲಿ ಸಾಮಾನ್ಯವಾಗಿ ಕಾಯಿಲೆ ಕಾಣುವುದಿಲ್ಲ. ಆ ಹಂದಿಯನ್ನು ಕಚ್ಚಿದ ಸೊಳ್ಳೆ ಮನುಷ್ಯನನ್ನು ಕಚ್ಚಿದಾಗ ನಮಗೆ ಸೋಂಕು ತಗಲುತ್ತದೆ. ಅಲ್ಲಿಗೆ ದಾರಿ ಮುಗಿಯಿತು. ಮತ್ತೊಂದು ಸೊಳ್ಳೆಗೆ ದಾಟುವಷ್ಟು ವೈರಾಣು ಮನುಷ್ಯನ ರಕ್ತದಲ್ಲಿ ಇರುವುದಿಲ್ಲ.

ಪಕ್ಕದ ಮನೆಯ ಲಸಿಕೆ ನಿಮ್ಮ ಮಗುವನ್ನು ಕಾಯುವುದಿಲ್ಲ

ಈ ಕೊನೆಯ ಸಂಗತಿ ಬಹಳ ಮುಖ್ಯ. ದಡಾರದಂತಹ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ. ಊರಿನ ಬಹುತೇಕ ಮಕ್ಕಳಿಗೆ ಲಸಿಕೆ ಹಾಕಿಸಿದರೆ ಹರಡುವ ಸರಪಳಿ ತುಂಡಾಗಿ, ಲಸಿಕೆ ಹಾಕಿಸದ ಒಂದಿಬ್ಬರೂ ಬಚಾವಾಗುತ್ತಾರೆ. ಜಪಾನೀಸ್ ಎನ್ಸೆಫಲೈಟಿಸ್‌ನಲ್ಲಿ ಹಾಗಾಗುವುದಿಲ್ಲ. ಇಡೀ ಊರಿಗೇ ಲಸಿಕೆ ಹಾಕಿದರೂ ಹಕ್ಕಿ, ಹಂದಿ, ಸೊಳ್ಳೆಯ ನಡುವೆ ವೈರಾಣು ಸುತ್ತುತ್ತಲೇ ಇರುತ್ತದೆ. ಲಸಿಕೆ ತಪ್ಪಿದ ಒಂದೇ ಮಗುವಿಗೆ ಅಪಾಯ ಮೊದಲಿನಷ್ಟೇ ಉಳಿಯುತ್ತದೆ. "ಈಗೆಲ್ಲ ಆ ಕಾಯಿಲೆ ಎಲ್ಲಿದೆ?" ಎಂದು ಲಸಿಕೆ ಬಿಡುವುದು ಇದೇ ಕಾರಣಕ್ಕೆ ಅಪಾಯಕಾರಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸೋಂಕು ತಗಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ತೀವ್ರವಾಗುತ್ತದೆ. ಆದರೆ ಹಾಗೆ ತೀವ್ರವಾದವರಲ್ಲಿ ಶೇ. 30ರವರೆಗೆ ಸಾಯಬಹುದು. ಬದುಕಿದವರಲ್ಲಿ ಶೇ. 20ರಿಂದ 30 ಮಂದಿಗೆ ಕೈಕಾಲು ಸ್ವಾಧೀನ ತಪ್ಪುವುದು, ಮಾತು ಹೋಗುವುದು, ಫಿಟ್ಸ್, ಬುದ್ಧಿ ಬೆಳವಣಿಗೆ ಕುಂಠಿತವಾಗುವುದು ಮುಂತಾದ ಶಾಶ್ವತ ತೊಂದರೆ ಉಳಿಯುತ್ತದೆ. ವೈರಾಣುವನ್ನು ಕೊಲ್ಲುವ ಔಷಧಿ ಇಲ್ಲ. ಇರುವುದು ಲಕ್ಷಣಗಳಿಗೆ ಚಿಕಿತ್ಸೆ ಮಾತ್ರ.

ಲಸಿಕೆ ಇದೆ, ಮತ್ತು ಅದರಲ್ಲಿ ಕರ್ನಾಟಕದ ಪಾಲೂ ಇದೆ. ಭಾರತದಲ್ಲೇ ತಯಾರಾದ ಜೆನ್ವ್ಯಾಕ್ ಲಸಿಕೆಗೆ ಬಳಸಿದ್ದು ಕೋಲಾರದಲ್ಲಿ ಸಿಕ್ಕ ವೈರಾಣುವಿನ ತಳಿ. ರಾಷ್ಟ್ರೀಯ ವೈರಾಣು ಸಂಸ್ಥೆ ಕೊಟ್ಟ ಆ ತಳಿಯಿಂದ ಭಾರತ್ ಬಯೋಟೆಕ್ ತಯಾರಿಸಿದ ಲಸಿಕೆ 2013ರಲ್ಲಿ ಬಿಡುಗಡೆಯಾಯಿತು. ಮಂಡ್ಯ ಸೇರಿದಂತೆ ಕಾಯಿಲೆ ಹೆಚ್ಚಿರುವ ಜಿಲ್ಲೆಗಳಲ್ಲಿ ಸರ್ಕಾರಿ ಲಸಿಕಾ ಕಾರ್ಯಕ್ರಮದಡಿ ಮಕ್ಕಳಿಗೆ ಎರಡು ಡೋಸ್ ಉಚಿತ: 9 ತಿಂಗಳು ತುಂಬಿದಾಗ ಮೊದಲನೆಯದು, 16ರಿಂದ 24 ತಿಂಗಳ ನಡುವೆ ಎರಡನೆಯದು. 2022ರ ಡಿಸೆಂಬರ್‌ನಲ್ಲಿ ರಾಜ್ಯದ ಇನ್ನಷ್ಟು ಜಿಲ್ಲೆಗಳಿಗೂ ಅಭಿಯಾನ ವಿಸ್ತರಿಸಿತು.

ಎರಡನೇ ಡೋಸ್ ತಪ್ಪುವುದು ಸುಲಭ. ಅಷ್ಟರಲ್ಲಿ ತಾಯಿ ತವರಿನಿಂದ ಗಂಡನ ಮನೆಗೆ ಹೋಗಿರುತ್ತಾಳೆ. ಆಲೆಮನೆ ಕೆಲಸಕ್ಕೋ ಕಬ್ಬು ಕಡಿಯಲಿಕ್ಕೋ ಬೇರೆ ಊರಿಂದ ಬಂದವರ ಮಕ್ಕಳ ಹೆಸರು ಊರಿನ ಪಟ್ಟಿಯಲ್ಲೇ ಇರುವುದಿಲ್ಲ. ಅಂಥವರನ್ನು ಹುಡುಕಿ ತರುವವರು ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಸಹಾಯಕಿ. ನಿಮ್ಮ ಬೀದಿಯಲ್ಲಿ ಅಂಥ ಮಗು ಇದ್ದರೆ ಅವರಿಗೆ ಒಂದು ಮಾತು ತಿಳಿಸಿ.

ನಂಬಿಕೆಗಳು ಮತ್ತು ವಾಸ್ತವ

"ರೋಗಿಯನ್ನು ಮುಟ್ಟಿದರೆ ಬರುತ್ತದೆ."
ಇಲ್ಲ. ಜಪಾನೀಸ್ ಎನ್ಸೆಫಲೈಟಿಸ್ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಗುಣವಾಗಿ ಬಂದ ಮಗುವನ್ನು ಅಂಗನವಾಡಿಯಿಂದ ದೂರ ಇಡುವ ಅಗತ್ಯವಿಲ್ಲ.

"ಹಂದಿ ಮಾಂಸ ತಿಂದರೆ ಬರುತ್ತದೆ. ಇದೇ ಹಂದಿ ಜ್ವರ."
ಎರಡೂ ತಪ್ಪು. ಇದು ಬರುವುದು ಸೊಳ್ಳೆ ಕಡಿತದಿಂದ. ಹಂದಿ ಜ್ವರ ಎಂದು ಕರೆಯುವ ಎಚ್1ಎನ್1 ಬೇರೆಯೇ ವೈರಾಣು, ಅದು ಉಸಿರಿನ ಮೂಲಕ ಹರಡುತ್ತದೆ. ಆದರೆ ಹಂದಿಗೂಡು ಮನೆಗಳಿಂದ ದೂರ ಇರಬೇಕು ಎಂಬುದು ನಿಜ.

"ಬೆಳ್ಳಕ್ಕಿಗಳನ್ನು ಓಡಿಸಿದರೆ ಕಾಯಿಲೆ ಹೋಗುತ್ತದೆ."
ಹೋಗುವುದಿಲ್ಲ. ಹಕ್ಕಿ ಇನ್ನೊಂದು ಗದ್ದೆಗೆ ಹೋಗುತ್ತದೆ, ವೈರಾಣುವೂ ಜೊತೆಗೇ ಹೋಗುತ್ತದೆ. ಗದ್ದೆಯ ಹುಳು ತಿನ್ನುವ ಹಕ್ಕಿಯನ್ನು ಕಳೆದುಕೊಂಡದ್ದಷ್ಟೇ ಲಾಭ.

"ದನಗಳಿಂದಲೂ ಹರಡುತ್ತದೆ."
ದನಗಳಲ್ಲಿ ಈ ವೈರಾಣು ಹೆಚ್ಚುವುದಿಲ್ಲ. ಗದ್ದೆಯ ಸೊಳ್ಳೆಗೆ ದನದ ರಕ್ತವೇ ಇಷ್ಟ. ಆದರೆ ಕೊಟ್ಟಿಗೆ ಮನೆಗೆ ಅಂಟಿಕೊಂಡಿದ್ದರೆ, ದನಕ್ಕಾಗಿ ಬಂದ ಸೊಳ್ಳೆ ಪಕ್ಕದಲ್ಲಿ ಮಲಗಿದ ಮಗುವನ್ನೂ ಕಚ್ಚುತ್ತದೆ. ಮಕ್ಕಳನ್ನು ಪರದೆಯೊಳಗೆ ಮಲಗಿಸಿ.

"ಫಾಗಿಂಗ್ ಮಾಡಿಸಿದರೆ ಸಾಕು."
ಹೊಗೆ ಬಿಟ್ಟಾಗ ಹಾರಾಡುತ್ತಿರುವ ಸೊಳ್ಳೆ ಮಾತ್ರ ಸಾಯುತ್ತದೆ. ಎಕರೆಗಟ್ಟಲೆ ಗದ್ದೆಯ ನೀರಿನಲ್ಲಿರುವ ಮರಿಗಳಿಗೆ ಏನೂ ಆಗುವುದಿಲ್ಲ.

ಗದ್ದೆಯಲ್ಲೇ ತಡೆಯಬಹುದೇ?

ಸ್ವಲ್ಪ ಮಟ್ಟಿಗೆ. ಸೊಳ್ಳೆಯ ಮೊಟ್ಟೆ ಮರಿಯಾಗಿ, ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಒಂದು ವಾರದಿಂದ ಹತ್ತು ದಿನ ಬೇಕು. ಅಷ್ಟರೊಳಗೆ ಗದ್ದೆಯ ನೀರು ಬಸಿದು ನೆಲ ಆರಿದರೆ ಮರಿಗಳು ಸಾಯುತ್ತವೆ. ನೀರು ಬಿಟ್ಟು ಬಿಟ್ಟು ಕೊಡುವ ಈ ವಿಧಾನವನ್ನು ಮಲೇರಿಯಾ ತಡೆಯಲು 1940ರ ಸುಮಾರಿಗೇ ತಮಿಳುನಾಡಿನ ಪಟ್ಟುಕ್ಕೋಟ್ಟೈನಲ್ಲಿ ಪರೀಕ್ಷಿಸಲಾಗಿತ್ತು.

ತೊಡಕು ಏನೆಂದರೆ, ಒಬ್ಬ ರೈತ ಮಾತ್ರ ಹೀಗೆ ಮಾಡಿದರೆ ಪ್ರಯೋಜನ ಕಡಿಮೆ. ಈ ಸೊಳ್ಳೆಗಳು ಕಿಲೋಮೀಟರ್ ದೂರವೂ ಹಾರಬಲ್ಲವು. ಇಡೀ ಅಚ್ಚುಕಟ್ಟಿನಲ್ಲಿ ಒಟ್ಟಿಗೆ ಆಗಬೇಕು. ಮಂಡ್ಯ ಭಾಗದ ರೈತರಿಗೆ ಗೊತ್ತಿರುವ ಕಟ್ಟು ನೀರು ಪದ್ಧತಿ ನೀರು ಉಳಿಸಲು ಮಾಡಿದ್ದು, ಆದರೆ ಗದ್ದೆ ನಿಜಕ್ಕೂ ಆರಿದರೆ ಸೊಳ್ಳೆಯೂ ಕಡಿಮೆಯಾಗುತ್ತದೆ. ಗುಂಡಿಗಳಲ್ಲಿ ನೀರು ನಿಂತೇ ಇದ್ದರೆ ಇಲ್ಲ.

ಯಾವಾಗ ತಕ್ಷಣ ಆಸ್ಪತ್ರೆಗೆ?

ಸೊಳ್ಳೆ ಕಚ್ಚಿ 4ರಿಂದ 14 ದಿನಗಳಲ್ಲಿ ಲಕ್ಷಣ ಕಾಣಿಸುತ್ತದೆ. ಜ್ವರದ ಜೊತೆ ಕೆಳಗಿನ ಯಾವುದೇ ಒಂದು ಇದ್ದರೂ ಕಾಯಬೇಡಿ:

• ಫಿಟ್ಸ್ ಬರುವುದು
• ಮಂಪರು, ಕರೆದರೆ ಓಗೊಡದಿರುವುದು, ಗುರುತು ಸಿಗದಂತೆ ಮಾತಾಡುವುದು
• ತೀವ್ರ ತಲೆನೋವು, ವಾಂತಿ, ಕುತ್ತಿಗೆ ಬಿಗಿತ
• ಎಳೆ ಮಗು ಹಾಲು ಕುಡಿಯದಿರುವುದು, ಒಂದೇ ಸಮ ಕಿರುಚಿ ಅಳುವುದು

ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಟ್ಟೆ ಸಡಿಲಿಸಿ. ಕೈಗೆ ಕಬ್ಬಿಣ ಅಥವಾ ಬೀಗದಕೈ ಕೊಡುವುದರಿಂದ ಫಿಟ್ಸ್ ನಿಲ್ಲುವುದಿಲ್ಲ. ಬಾಯಿಗೆ ನೀರು, ಚಮಚ, ಬೆರಳು ಏನನ್ನೂ ಹಾಕಬೇಡಿ, ಉಸಿರು ಕಟ್ಟಬಹುದು. 108ಕ್ಕೆ ಕರೆ ಮಾಡಿ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನಾಗಮಂಗಲ ತಾಲೂಕಿನ ಬೆಳ್ಳೂರಿನ ಆದಿಚುಂಚನಗಿರಿ ಸಂಸ್ಥೆಯಂತಹ ದೊಡ್ಡ ಆಸ್ಪತ್ರೆಗೆ ಬೇಗ ತಲುಪಿದಷ್ಟೂ ಒಳ್ಳೆಯದು. ರಕ್ತ ಅಥವಾ ಬೆನ್ನುಹುರಿ ದ್ರವದ ಪರೀಕ್ಷೆಯಿಂದ ಕಾಯಿಲೆ ಖಚಿತವಾಗುತ್ತದೆ. ಬೆನ್ನಿನಿಂದ ದ್ರವ ತೆಗೆದರೆ ಮಗು ಕುಂಟಾಗುತ್ತದೆ ಎಂಬ ಭಯ ಬೇಡ. ಗುಣಪಡಿಸಬಹುದಾದ ಬೇರೆ ಮೆದುಳಿನ ಸೋಂಕುಗಳನ್ನು ಪತ್ತೆಹಚ್ಚಲೂ ಈ ಪರೀಕ್ಷೆಯೇ ದಾರಿ.

ಕೊನೆಯದಾಗಿ

ಚರಂಡಿ ಸ್ವಚ್ಛ ಮಾಡಿ, ಡ್ರಮ್ಮಿನ ನೀರು ಮುಚ್ಚಿಡಿ. ಅವು ಬೇರೆ ಕಾಯಿಲೆಗಳನ್ನು ತಡೆಯುತ್ತವೆ. ಆದರೆ ಗದ್ದೆಯ ಸೊಳ್ಳೆಯನ್ನು ಪೂರ್ತಿ ಇಲ್ಲವಾಗಿಸುವುದು ಯಾರ ಕೈಯಲ್ಲೂ ಇಲ್ಲ. ನಮ್ಮ ಕೈಯಲ್ಲಿರುವುದು ಎರಡು ಡೋಸ್ ಲಸಿಕೆ ಮತ್ತು ಒಂದು ಸೊಳ್ಳೆ ಪರದೆ. ಮನೆಯಲ್ಲಿ ಎರಡು ವರ್ಷದೊಳಗಿನ ಮಗು ಇದ್ದರೆ ಇಂದೇ ತಾಯಿ ಕಾರ್ಡ್ ತೆರೆದು ನೋಡಿ. ಎರಡನೇ ಡೋಸ್‌ನ ಮನೆ ಖಾಲಿ ಇದ್ದರೆ ಮುಂದಿನ ಲಸಿಕಾ ದಿನವನ್ನು ತಪ್ಪಿಸಬೇಡಿ.