ಮಾನಾಪಮಾನದ ಒಪ್ಪಂದ: ಸಂಗೀತ ನಾಟಕ ಮಂಡಳಿಗಳಲ್ಲಿ ನಟನ ಆಕಾಂಕ್ಷೆ

ನಾಟಕ ಮಂಡಳಿಗಳ ಚರಿತ್ರೆಯನ್ನು ನಿರೂಪಿಸತಕ್ಕವರು ಕೃತಿಗಳ ಗುಣವನ್ನೂ ನಟರ ಕಂಠಮಾಧುರ್ಯವನ್ನೂ ವಿಸ್ತಾರವಾಗಿ ವರ್ಣಿಸಿ, ಮುಖ್ಯಪಾತ್ರ ಯಾರಿಗೆ, ಒಡೆತನ ಯಾರದು, ಉತ್ಪನ್ನದಲ್ಲಿ ಪಾಲೆಷ್ಟು ಎಂಬ ವಿಚಾರಗಳನ್ನು ಕ್ಷುದ್ರವೆಂದು ಬದಿಗಿಡುವುದು ವಾಡಿಕೆಯಾಗಿದೆ. ಆದರೆ 1908ರಿಂದ 1921ರ ವರೆಗಿನ ಮರಾಠಿ ಸಂಗೀತ ರಂಗಭೂಮಿಯನ್ನು ಪರಿಶೀಲಿಸಿದರೆ, ಮಂಡಳಿಗಳು ಹುಟ್ಟುವುದಕ್ಕೂ ಒಡೆಯುವುದಕ್ಕೂ ಕೂಡುವುದಕ್ಕೂ ಈ ವಿಚಾರಗಳು ಪ್ರಬಲ ಕಾರಣಗಳಾಗಿದ್ದುವೆಂಬುದು ವ್ಯಕ್ತವಾಗುತ್ತದೆ.

ಬಾಲನಟರಾಗಿ ‘ಶಾರದಾ’ ನಾಟಕದ ನಾಯಿಕೆಯ ಪಾತ್ರದಿಂದ ಕೀರ್ತಿವಂತರಾದ ಕೇಶವರಾವ್ ಭೋಸಲೆಯವರು, ಪರರ ಮಂಡಳಿಯ ಆಶ್ರಯವನ್ನು ತೊರೆದು, ಇಪ್ಪತ್ತು ತುಂಬುವ ಮುನ್ನವೇ 1908ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ‘ಲಲಿತಕಲಾದರ್ಶ’ವನ್ನು ಸ್ಥಾಪಿಸಿದರು. 1905ರಲ್ಲಿ ಕಿರ್ಲೋಸ್ಕರ ಮಂಡಳಿಯನ್ನು ಸೇರಿ ಅದರ ಪ್ರಧಾನ ಸ್ತ್ರೀಪಾತ್ರಧಾರಿಯಾಗಿ ಬೆಳೆದ ನಾರಾಯಣ ಶ್ರೀಪಾದ ರಾಜಹಂಸರು, ಎಂದರೆ ಬಾಲಗಂಧರ್ವರು, 1913ರಲ್ಲಿ ಗಣೇಶ ಗೋವಿಂದ ಬೋಡಸ್ ಮತ್ತು ಗೋವಿಂದರಾವ್ ಟೇಂಬೆಯವರ ಪಾಲುಗಾರಿಕೆಯಲ್ಲಿ ‘ಗಂಧರ್ವ ನಾಟಕ ಮಂಡಳಿ’ಯನ್ನು ಕಟ್ಟಿದರು. ಪ್ರೇಕ್ಷಕರ ಪ್ರೀತಿಯೇ ನಟನ ಬಂಡವಾಳ. ಅದರ ಫಲವು ಪರರ ಕೈಸೇರುತ್ತಿರುವ ವರೆಗೆ ಅವನ ಮನಸ್ಸು ನೆಲೆಗೊಳ್ಳದು. ಕಾಲಕ್ರಮದಲ್ಲಿ ಆ ಪಾಲುಗಾರರೂ ಅಗಲಿದರು. ಒಡೆತನವು ಬಾಲಗಂಧರ್ವರೊಬ್ಬರಲ್ಲಿಯೇ ನಿಂತಿತು, ಸಾಲದ ಹೊರೆಯೂ ಅವರೊಬ್ಬರ ಮೇಲೆಯೇ ಬಿದ್ದಿತು.

ಹೀಗೆ ಪ್ರತಿಸ್ಪರ್ಧಿಗಳಾಗಿದ್ದ ಇಬ್ಬರು ನಟ-ಮಾಲಿಕರು 1921ರ ಜುಲೈ 8ರಂದು ಮುಂಬಯಿಯಲ್ಲಿ ಒಂದೇ ರಂಗವನ್ನೇರಿದರು. ಆರಿಸಿಕೊಂಡ ನಾಟಕ, 1911ರಲ್ಲಿ ಮೊದಲು ಪ್ರಯೋಗಗೊಂಡ, ನಾಟಕಕಾರ ಖಾಡಿಲಕರರ ‘ಮಾನಾಪಮಾನ’. ಬಡ ಸೈನಿಕನೆಂದು ಧೈರ್ಯಧರನನ್ನು ತಿರಸ್ಕರಿಸುವ ಸಿರಿವಂತರ ಮಗಳು ಭಾಮಿನಿಯಾಗಿ ಬಾಲಗಂಧರ್ವರೂ, ಧೈರ್ಯಧರನಾಗಿ ಕೇಶವರಾಯರೂ ಅಭಿನಯಿಸಿದರು. ಈ ಯೋಜನೆಯ ಚಾತುರ್ಯವು ಗಮನಾರ್ಹವಾದುದು: ಒಬ್ಬರು ನಾಯಿಕೆ, ಇನ್ನೊಬ್ಬರು ನಾಯಕರಾದುದರಿಂದ ಯಾರೂ ಯಾರಿಗೂ ಎರಡನೆಯವರಾಗಬೇಕಾಗಲಿಲ್ಲ, ಉತ್ಪನ್ನವು ತಿಲಕ್ ಸ್ವರಾಜ್ಯ ನಿಧಿಗೆ ಮೀಸಲಾದುದರಿಂದ ಪಾಲಿನ ಪ್ರಶ್ನೆಯೇ ಏಳಲಿಲ್ಲ. ಇಬ್ಬರ ಆಕಾಂಕ್ಷೆಯೂ ಅಳಿಯಲಿಲ್ಲ, ಅದಕ್ಕೆ ಸಮನಾದ ಪೀಠವೊಂದು ದೊರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಶವರಾಯರು ತೀರಿಕೊಂಡರು.

ಆದುದರಿಂದ ನಟನ ಮಹತ್ತ್ವಾಕಾಂಕ್ಷೆಯನ್ನು ಕೇವಲ ಚಾರಿತ್ರ್ಯದೋಷವೆಂದು ಹಳಿಯುವುದು ವಿಮರ್ಶೆಯೆನಿಸದು. ಹೊಸ ಮಂಡಳಿಗಳನ್ನು ಕಟ್ಟಿಸಿದ ಶಕ್ತಿಯೂ ಅದೇ, ಕಟ್ಟಿದುದನ್ನು ಒಡೆದ ಶಕ್ತಿಯೂ ಅದೇ. ನಮ್ಮ ಕಂಪನಿ ನಾಟಕಗಳ ಇತಿಹಾಸವನ್ನೂ ಈ ದೃಷ್ಟಿಯಿಂದ ಪುನಃ ಬರೆಯಬೇಕಾಗಿದೆ. ಹುಬ್ಬಳ್ಳಿ, ಗದಗ, ಮೈಸೂರುಗಳ ಹಳೆಯ ನಟರ ಮನೆತನಗಳಲ್ಲಿ ಉಳಿದಿರಬಹುದಾದ ಲೆಕ್ಕದ ಪುಸ್ತಕಗಳನ್ನೂ ಕರಾರುಪತ್ರಗಳನ್ನೂ ಸಂಶೋಧಕರು, ಅವು ಗೆದ್ದಲಿಗೆ ತುತ್ತಾಗುವ ಮೊದಲು, ಸಂಗ್ರಹಿಸತಕ್ಕದ್ದು.