ರೇಡಿಯೊ ಪರವಾನಗಿಯಿಂದ ವೈಫೈ ಡ್ರೈವರ್‌ವರೆಗೆ

2020ರ ಮಳೆಗಾಲದಲ್ಲಿ ಒಂದು ದಿನ ಅಕ್ಕ ಭದ್ರಾವತಿಯಿಂದ ಫೋನ್ ಮಾಡಿದಳು. "ಲ್ಯಾಪ್‌ಟಾಪಿಗೆ ಏನೋ ಡ್ರೈವರ್ ಸರಿ ಇಲ್ವಂತೆ ಕಣೋ. ಯಾವ ಡ್ರೈವರ್ರೋ, ಎಲ್ಲಿ ಹೋಗಿದಾನೋ, ನೀನೇ ಬಂದು ನೋಡು" ಅಂದಳು. ಮಗಳ ಕಾಲೇಜು ಪಾಠಗಳೆಲ್ಲ ಆನ್‌ಲೈನ್ ಆಗಿದ್ದವು. ಹತ್ತು ನಿಮಿಷ ಪಾಠ ಕೇಳುವಷ್ಟರಲ್ಲಿ ವೈಫೈ ಕಡಿದುಹೋಗುತ್ತಿತ್ತು. ಅವಳು ಮತ್ತೆ ಸೇರಿಕೊಳ್ಳುವಷ್ಟರಲ್ಲಿ ಮೇಷ್ಟ್ರು ಹಾಜರಿ ಕೂಗಿ ಮುಗಿಸಿರುತ್ತಿದ್ದರು. ಶಿವಮೊಗ್ಗದ ಒಂದು ಅಂಗಡಿಯಲ್ಲಿ ತೋರಿಸಿದ್ದಕ್ಕೆ, "2010ರ ಮಾಡೆಲ್ಲು, ಇದಕ್ಕೆ ದುಡ್ಡು ಹಾಕಬೇಡಿ, ಹೊಸದು ತಗೊಳ್ಳಿ" ಎಂದು ವಾಪಸ್ ಕಳಿಸಿದ್ದರಂತೆ. ಭಾವ ಕೆಲಸ ಮಾಡುತ್ತಿದ್ದ ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ಆಗಲೇ ಕೆಲವು ವರ್ಷಗಳಾಗಿದ್ದವು. ಹೊಸದು ಕೊಳ್ಳುವ ಮಾತು ಆ ಮನೆಯಲ್ಲಿ ಸುಲಭದ್ದಾಗಿರಲಿಲ್ಲ.

ನಾನು ಪೇಪರ್ ಟೌನಿನ ಆ ಮನೆ ತಲುಪಿದಾಗ ಹೊರಗೆ ಜಿಟಿಜಿಟಿ ಮಳೆ, ಒಳಗೆ ಅಡುಗೆಮನೆಯ ಕಿಟಕಿಯಲ್ಲಿ ರೇಡಿಯೊ. ಚರ್ಮದ ಕವಚದ ಆ ಟ್ರಾನ್ಸಿಸ್ಟರನ್ನು ಕೊಂಡವರು ಭಾವನ ತಂದೆ, ಕಬ್ಬಿಣದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ. ಅರ್ಧ ಶತಮಾನ ಕಂಡ ಆ ಡಬ್ಬಿ ಭದ್ರಾವತಿ ಆಕಾಶವಾಣಿಯನ್ನು ಸ್ಪಷ್ಟವಾಗಿ ಹಿಡಿಯುತ್ತಿತ್ತು. ಹತ್ತು ವರ್ಷದ ಲ್ಯಾಪ್‌ಟಾಪು ಪಕ್ಕದ ಕೋಣೆಯ ರೂಟರನ್ನೇ ಹಿಡಿಯಲಾರದೆ ಒದ್ದಾಡುತ್ತಿತ್ತು.

"ಎರಡೂ ಗಾಳೀಲಿ ಬರೋದೇ ತಾನೆ ಮಾಮ? ಅಜ್ಜನ ರೇಡಿಯೊ ಇನ್ನೂ ಚೆನ್ನಾಗಿದೆ, ಇದ್ಯಾಕೆ ಇಷ್ಟು ಬೇಗ ಹಾಳಾಯ್ತು?" ಎಂದು ಅಕ್ಕನ ಮಗಳು ಕೇಳಿದಳು. ಆ ಹೊತ್ತಿಗೆ ಏನೋ ಹೇಳಿ ತಪ್ಪಿಸಿಕೊಂಡೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಸಿಗುವುದು ಯಂತ್ರದ ಚರಿತ್ರೆಗಿಂತ ಹೆಚ್ಚಾಗಿ ಬೀಗಗಳ ಚರಿತ್ರೆ.

ನಮ್ಮ ನಾಡಿನಲ್ಲಿ ಆ ಚರಿತ್ರೆಯನ್ನು ಮೈಸೂರಿನ ಒಂದು ಮನೆಯಿಂದ ಶುರು ಮಾಡಬಹುದು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರಸಾರ ಯಂತ್ರ ಇಟ್ಟುಕೊಂಡು ಬಾನುಲಿ ಕೇಂದ್ರ ನಡೆಸಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರಿತ್ತು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಮೂವತ್ತು ವರ್ಷಗಳ ನಂತರ, 1965ರಲ್ಲಿ, ಭದ್ರಾವತಿಗೂ ಒಂದು ಕೇಂದ್ರ ಬಂತು. ಒಂದು ಕಾಲಕ್ಕೆ ಬೆಂಕಿಪುರವೆಂದು ಕರೆಸಿಕೊಂಡಿದ್ದ ಊರು, ವಿಶ್ವೇಶ್ವರಯ್ಯನವರ ಹೆಸರಿನ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಿಂದ ನಾಡಿಗೆ ಪರಿಚಿತವಾದ ಊರು, ಈಗ ದನಿಯಾಗಿಯೂ ಮಲೆನಾಡಿನ ಮನೆಗಳನ್ನು ಹೊಕ್ಕಿತು. 675 ಕಿಲೋಹರ್ಟ್ಸ್, ಮಧ್ಯಮ ತರಂಗ. ಲೆಕ್ಕ ಹಾಕಿದರೆ ಆ ಅಲೆ ಒಂದೊಂದೂ ಸುಮಾರು 444 ಮೀಟರ್ ಉದ್ದ. ಗುಡ್ಡ, ಮರ, ಮಳೆ ಯಾವುದನ್ನೂ ಲೆಕ್ಕಿಸದೆ ಹೊಲಗದ್ದೆಗಳ ಮೇಲೆ ಹರಿದುಬರುವ ಅಲೆ.

ಆದರೆ ಆ ಅಲೆಗೂ ಒಂದು ಬೀಗವಿತ್ತು. ಭಾವ ರೇಡಿಯೊದ ಕವಚದ ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆದು ತೋರಿಸಿದರು. ಅಂಚೆ ಕಚೇರಿ ಕೊಟ್ಟ ರೇಡಿಯೊ ಪರವಾನಗಿ. ವರ್ಷಕ್ಕೊಮ್ಮೆ ಶುಲ್ಕ ಕಟ್ಟಿದ್ದಕ್ಕೆ ಅಂಟಿಸಿದ ಚೀಟಿಗಳು, ಅವುಗಳ ಮೇಲೆ ಅಂಚೆಯ ಮುದ್ರೆ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದೇ ಅಪರಾಧ. ರೇಡಿಯೊ ಕೇಳುವುದಕ್ಕೂ ಸರ್ಕಾರದ ಅಪ್ಪಣೆ ಬೇಕಿತ್ತು. 1980ರ ದಶಕದಲ್ಲಿ ಮನೆಯ ರೇಡಿಯೊಗಳಿಗೆ ಆ ಪರವಾನಗಿ ರದ್ದಾಯಿತು. "ನಮ್ಮಪ್ಪ ಒಂದು ವರ್ಷಾನೂ ತಪ್ಪಿಸಿಲ್ಲ ನೋಡು" ಎಂದು ಭಾವ ಹೆಮ್ಮೆಯಿಂದ ಪುಟ ತಿರುವಿದರು.

ಸರ್ಕಾರದ ಬೀಗ ಇದ್ದರೂ ರೇಡಿಯೊದ ಒಳಗೆ ಬೀಗ ಇರಲಿಲ್ಲ. ಮಧ್ಯಮ ತರಂಗದಲ್ಲಿ ಅಲೆಯ ಎತ್ತರ ಏರಿಳಿಯುವುದೇ ಮಾತು. ಅದನ್ನು ಬಿಡಿಸಿ ಕೇಳುವ ವಿಧಾನ ಪಠ್ಯಪುಸ್ತಕದಲ್ಲಿದೆ. ಒಂದು ತಂತಿಯ ಸುರುಳಿ, ಒಂದು ಕೆಪಾಸಿಟರ್, ಒಂದು ಡಯೋಡ್, ಕಿವಿಗೊಂದು ಇಯರ್‌ಫೋನ್ ಇದ್ದರೆ ಶಾಲೆಯ ಹುಡುಗನೂ ರಿಸೀವರ್ ಕಟ್ಟಬಲ್ಲ. ರೇಡಿಯೊ ಮಾಡಿದ ಕಂಪನಿ ಮುಚ್ಚಿಹೋದರೂ ಆ ರೇಡಿಯೊ ಹಾಡುತ್ತಲೇ ಇರುತ್ತದೆ.

ಇನ್ನು ಕಂಪ್ಯೂಟರ್‌ಗಳ ಗಾಳಿಯ ಮಾತು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವಿನ ಕಂಪ್ಯೂಟರ್ ಸಂಪರ್ಕಕ್ಕೆ ರೇಡಿಯೊ ಅಲೆ ಬಳಸಿ 'ಅಲೋಹಾನೆಟ್' ಶುರು ಮಾಡಿದರು. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಕೆಲವು ತರಂಗ ಪಟ್ಟಿಗಳನ್ನು ಪರವಾನಗಿ ಇಲ್ಲದ ಸಂವಹನಕ್ಕೆ ಬಿಟ್ಟುಕೊಟ್ಟಿತು. ಅವುಗಳಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯೂ ಒಂದು. ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಸದ್ದು ಮಾಡುತ್ತದೆ. 1997ರಲ್ಲಿ 802.11 ಎಂಬ ಮೊದಲ ಮಾನಕ ಬಂತು, 1999ರಲ್ಲಿ ಅದಕ್ಕೆ ವೈಫೈ ಎಂಬ ಹೆಸರು ಬಂತು. 2003ರಲ್ಲಿ ಇಂಟೆಲ್ ಕಂಪನಿ ಸೆಂಟ್ರಿನೊ ಹೆಸರಿನಲ್ಲಿ ವೈಫೈಯನ್ನು ಲ್ಯಾಪ್‌ಟಾಪಿನ ಒಳಗೇ ಇಟ್ಟು ಮಾರಿತು. ಭಾರತದಲ್ಲಿ 2005ರ ಜನವರಿಯ ನಿಯಮಗಳು ಕಡಿಮೆ ಶಕ್ತಿಯ ಉಪಕರಣಗಳಿಗೆ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಪರವಾನಗಿಯ ಅಗತ್ಯವಿಲ್ಲ ಎಂದವು. ಆ ಅಲೆ ಹನ್ನೆರಡು ಸೆಂಟಿಮೀಟರಿನಷ್ಟು ಉದ್ದ, ಒಂದು ಗೇಣಿಗಿಂತ ಕಡಿಮೆ. ಭಾವನ ತಂದೆ ಮುದ್ರೆ ಹಾಕಿಸಿಕೊಂಡು ಕೇಳುತ್ತಿದ್ದ ಮನೆಯಲ್ಲೇ ಮೊಮ್ಮಗಳು ಯಾರ ಅಪ್ಪಣೆಯೂ ಇಲ್ಲದೆ ಮಾತು ಕೇಳುವುದಷ್ಟೇ ಅಲ್ಲ, ಕಳಿಸಲೂಬಹುದಾಯಿತು.

ಸರ್ಕಾರದ ಬೀಗ ಬಿಚ್ಚಿತು. ಆದರೆ ಅಷ್ಟರಲ್ಲಿ ಇನ್ನೊಂದು ಬೀಗ ಬಂದಿತ್ತು. ಅದರ ಹೆಸರೇ ಡ್ರೈವರ್.

ಅಕ್ಕ ಹುಡುಕುತ್ತಿದ್ದ ಈ ಡ್ರೈವರ್ ಗಾಡಿ ಓಡಿಸುವವನಲ್ಲ, ದುಭಾಷಿ. ವೈಫೈ ಚಿಪ್ಪಿಗೆ ಅದರದೇ ಭಾಷೆ, ವಿಂಡೋಸಿಗೆ ಅದರದೇ ಭಾಷೆ. ನಡುವೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೇಳುವ ತಂತ್ರಾಂಶವೇ ಡ್ರೈವರ್. ಚಿಪ್ಪಿನ ಭಾಷೆ ಏನೆಂದು ಅನೇಕ ಕಂಪನಿಗಳು ಹೊರಗೆ ಹೇಳುತ್ತಿರಲಿಲ್ಲ. ಹಾಗಾಗಿ ದುಭಾಷಿಯನ್ನೂ ಅವರೇ ಕಳಿಸಬೇಕು. ವಿಂಡೋಸ್ ಹೊಸದಾದಾಗ ದುಭಾಷಿಯೂ ಹೊಸ ಪಾಠ ಕಲಿಯಬೇಕು. ಐದಾರು ವರ್ಷಗಳ ಹಿಂದೆ ಮಾರಿದ ಚಿಪ್ಪಿಗಾಗಿ ಮತ್ತೆ ಸಂಬಳ ಕೊಟ್ಟು ಪಾಠ ಹೇಳಿಸಲು ಯಾವ ವ್ಯಾಪಾರಿಗೆ ಮನಸ್ಸು ಬಂದೀತು? ಚಿಪ್ಪು ಗಟ್ಟಿಯಾಗಿಯೇ ಇರುತ್ತದೆ, ಅಲೆ ಬರುತ್ತಲೇ ಇರುತ್ತದೆ, ನಡುವಿನವನು ಮಾತು ನಿಲ್ಲಿಸುತ್ತಾನೆ. ಅಂಗಡಿಯವರು ಹೇಳಿದ 'ಹಳೇ ಮಾಡೆಲ್ಲು' ಎಂಬುದರ ಅರ್ಥ ಬಹುಪಾಲು ಇಷ್ಟೇ.

ಈ ಬೀಗವನ್ನು ತೆರೆಯಲು ಹೊರಟವರೂ ಇದ್ದರು. ಲಿನಕ್ಸ್ ಬಳಸುವವರಿಗೆ 2000ದ ದಶಕದ ಮೊದಲ ವರ್ಷಗಳಲ್ಲಿ ವೈಫೈ ದೊಡ್ಡ ಗೋಳಾಗಿತ್ತು. ಎಷ್ಟೋ ಚಿಪ್ಪುಗಳಿಗೆ ವಿಂಡೋಸ್ ಡ್ರೈವರ್ ಮಾತ್ರ ಇತ್ತು. ಆಗ ಎನ್‌ಡಿಐಎಸ್‌ವ್ರ್ಯಾಪರ್ ಎಂಬ ಉಪಾಯ ಬಂತು. ವಿಂಡೋಸ್ ಡ್ರೈವರಿಗೆ ತಾನಿನ್ನೂ ವಿಂಡೋಸಿನಲ್ಲೇ ಇದ್ದೇನೆ ಎಂಬ ಭ್ರಮೆ ಹುಟ್ಟಿಸಿ ಲಿನಕ್ಸಿನಲ್ಲಿ ಕೆಲಸ ಮಾಡಿಸುವುದು. ಬ್ರಾಡ್‌ಕಾಮ್ ಚಿಪ್ಪುಗಳ ವಿಷಯದಲ್ಲಿ ಇನ್ನೊಂದು ಗುಂಪು ಮತ್ತೂ ಕಷ್ಟದ ದಾರಿ ಹಿಡಿಯಿತು. ಕೆಲವರು ಕಂಪನಿಯ ಡ್ರೈವರನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ ಚಿಪ್ಪು ಹೇಗೆ ವರ್ತಿಸುತ್ತದೆಂದು ಬರೆದಿಟ್ಟರು. ಆ ಡ್ರೈವರನ್ನು ಕಣ್ಣೆತ್ತಿಯೂ ನೋಡದ ಬೇರೆ ಕೆಲವರು ಆ ಬರಹವನ್ನಷ್ಟೇ ಓದಿ ಹೊಸ ಡ್ರೈವರ್ ಬರೆದರು. ನಕಲು ಮಾಡಿದರೆಂಬ ಆರೋಪ ಬರಬಾರದೆಂದು ಈ ಎಚ್ಚರ. ಅವರ ಕೆಲಸ 2006ರಲ್ಲಿ ಲಿನಕ್ಸಿನ ತಿರುಳಿಗೆ ಸೇರಿತು. 2010ರ ಸೆಪ್ಟೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿಯೇ ತನ್ನ ಕೆಲವು ಹೊಸ ಚಿಪ್ಪುಗಳಿಗೆ ತೆರೆದ ಡ್ರೈವರ್ ಬಿಡುಗಡೆ ಮಾಡಿತು. ಕನ್ನಡ ಓದುಗರಿಗೆ ಈ ಕಥೆ ಅಪರಿಚಿತ ಅನ್ನಿಸಬಾರದು. ಲಿಪಿ ಗೊತ್ತಿಲ್ಲದ ಶಾಸನದ ಮುಂದೆ ಕೂತು ಒಂದೊಂದೇ ಅಕ್ಷರ ಗುರುತಿಸಿದವರ ತಾಳ್ಮೆಯೂ ಇಂಥದ್ದೇ. ವ್ಯತ್ಯಾಸವೇನೆಂದರೆ, ಶಾಸನ ಬರೆಸಿದವರು ಎಲ್ಲರೂ ಓದಲಿ ಎಂದೇ ಕಲ್ಲಿನಲ್ಲಿ ಬರೆಸಿದ್ದರು.

ಪೇಪರ್ ಟೌನಿನ ಮನೆಗೆ ಮರಳುತ್ತೇನೆ. ಡಿವೈಸ್ ಮ್ಯಾನೇಜರ್ ತೆರೆದು ನೋಡಿದಾಗ ರೋಗ ಸಿಕ್ಕಿತು. ಲ್ಯಾಪ್‌ಟಾಪು ಹುಟ್ಟಿದ್ದು ವಿಂಡೋಸ್ 7ರ ಜೊತೆ. ಆಮೇಲೆ ಯಾರೋ ವಿಂಡೋಸ್ 10 ಹಾಕಿಕೊಟ್ಟಿದ್ದರು. ವಿಂಡೋಸ್ ತನ್ನ ಬಳಿ ಇದ್ದ ಯಾವುದೋ ಸಾಮಾನ್ಯ ಡ್ರೈವರನ್ನು ತಾನೇ ಕೂರಿಸಿಕೊಂಡಿತ್ತು. ನಾನು ಜಾಣತನ ತೋರಿಸಲು ಹೋಗಿ ಮೊದಲು ಅದನ್ನು ಕಿತ್ತುಹಾಕಿದೆ. ಹತ್ತು ನಿಮಿಷಕ್ಕೊಮ್ಮೆ ಕಡಿಯುತ್ತಿದ್ದ ನೆಟ್ ಈಗ ಪೂರ್ತಿ ಹೋಯಿತು. ಡ್ರೈವರ್ ಇಲ್ಲದೆ ನೆಟ್ ಇಲ್ಲ, ನೆಟ್ ಇಲ್ಲದೆ ಡ್ರೈವರ್ ಸಿಗುವುದಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬಂತೆ. ಮರುದಿನ ಬೆಳಿಗ್ಗೆ ಅವಳಿಗೆ ಇಂಟರ್ನಲ್ ಪರೀಕ್ಷೆ. ಅವಳು ಏನೂ ಅನ್ನಲಿಲ್ಲ, ನೋಟ್ಸ್ ಹಿಡಿದುಕೊಂಡು ರೇಡಿಯೊ ಪಕ್ಕ ಹೋಗಿ ಕೂತಳು. ಅದೇ ನನಗೆ ಹೆಚ್ಚು ಚುಚ್ಚಿತು.

ಕೊನೆಗೆ ನನ್ನ ಫೋನನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಅದರ ಡೇಟಾ ಕೊಟ್ಟೆ. ಡಿವೈಸ್ ಮ್ಯಾನೇಜರಿನಲ್ಲಿ ಪ್ರತಿ ಚಿಪ್ಪಿಗೂ ಒಂದು ಗುರುತು ಇರುತ್ತದೆ: ನಾಲ್ಕು ಅಕ್ಷರಗಳಲ್ಲಿ ತಯಾರಕರ ಸಂಕೇತ, ಇನ್ನು ನಾಲ್ಕರಲ್ಲಿ ಚಿಪ್ಪಿನ ಸಂಕೇತ. ಉದಾಹರಣೆಗೆ ಇಂಟೆಲ್‌ನದು 8086, ಅವರ ಪ್ರಸಿದ್ಧ ಹಳೆಯ ಪ್ರೊಸೆಸರಿನ ಸಂಖ್ಯೆಯೇ. ನಮ್ಮ ಚಿಪ್ಪಿನ ಸಂಕೇತ ಹಿಡಿದು ಹುಡುಕಿದಾಗ ಲ್ಯಾಪ್‌ಟಾಪಿನವರ ಪುಟದಲ್ಲಿ ವಿಂಡೋಸ್ 7ರದ್ದು ಮಾತ್ರ ಇತ್ತು. ಚಿಪ್ಪಿನವರ ಬಳಿ 2013ರದ್ದೊಂದು, ವಿಂಡೋಸ್ 8ಕ್ಕಾಗಿ ಮಾಡಿದ್ದು, ಅದೇ ಕೊನೆಯದು. ಅದನ್ನು ಹಾಕಿದೆ. ಕರೆಂಟ್ ಉಳಿಸಲೆಂದು ವಿಂಡೋಸ್ ಆಗಾಗ ವೈಫೈ ಚಿಪ್ಪನ್ನು ಮಲಗಿಸುವ ಆಯ್ಕೆಯನ್ನೂ ತೆಗೆದೆ. ಹತ್ತು ನಿಮಿಷ ಕಳೆಯಿತು, ಅರ್ಧ ಗಂಟೆ ಕಳೆಯಿತು, ನೆಟ್ ಕಡಿಯಲಿಲ್ಲ. ಅಪ್‌ಡೇಟ್ ಮಾಡಲು ಬಂದವನು ಏಳು ವರ್ಷ ಹಿಂದಕ್ಕೆ ಹೋಗಿದ್ದೆ.

ಹಳೆಯದೇ ಒಳ್ಳೆಯದು ಎಂದು ಇದರಿಂದ ಪಾಠ ತೆಗೆಯಬಾರದು. 2017ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ಸಂಶೋಧಕ ಮ್ಯಾಥಿ ವ್ಯಾನ್‌ಹೂಫ್ ವೈಫೈಯ ಡಬ್ಲ್ಯೂಪಿಎ2 ರಕ್ಷಣೆಯಲ್ಲೇ ಒಂದು ಬಿರುಕನ್ನು ತೋರಿಸಿದರು. ಕ್ರ್ಯಾಕ್ ಎಂದು ಅದರ ಹೆಸರು. ಅದನ್ನು ಮುಚ್ಚಲು ಜಗತ್ತಿನ ಫೋನು, ಕಂಪ್ಯೂಟರು, ರೂಟರುಗಳಿಗೆಲ್ಲ ಹೊಸ ತಂತ್ರಾಂಶ ಬೇಕಾಯಿತು. ಕೆಲವು ಕಡೆ ಡ್ರೈವರೂ ಬದಲಾಗಬೇಕಾಯಿತು. 2013ಕ್ಕೇ ನಿಂತುಹೋದ ಡ್ರೈವರಿಗೆ ಆ ರಿಪೇರಿ ಮಾಡಲು ಅದನ್ನು ಬರೆದವರು ಮರಳಿ ಬರುವುದಿಲ್ಲ. ನಾನು ಅವತ್ತು ಆ ಹುಡುಗಿಗೆ ಕೊಟ್ಟಿದ್ದು ಪಾಠ ಕೇಳುವ ಅನುಕೂಲ, ಜೊತೆಗೆ ಒಂದಿಷ್ಟು ಅಪಾಯ. ಬೀಗದ ಕೈ ಬೇರೆಯವರ ಬಳಿ ಇದ್ದಾಗ ಹಳೆಯ ಯಂತ್ರ ಇಟ್ಟುಕೊಂಡವರಿಗೆ ಉಳಿಯುವುದು ಇಂಥ ಅರೆಬರೆ ಆಯ್ಕೆಗಳೇ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲವೂ ಮುಗಿಯಿತು. ಅಕ್ಕನ ಮಗಳು ಡಿಗ್ರಿ ಮುಗಿಸಿ ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ದೀಪಾವಳಿಗೆ ಬಂದವಳು ಆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದಳು. ಯಾವ ಡ್ರೈವರನ್ನೂ ಹುಡುಕಬೇಕಾಗಲಿಲ್ಲ, ಅದರೊಳಗೇ ಇತ್ತು. ಅದನ್ನು ಬರೆದವರು, ತಿದ್ದಿದವರು, ಈಗಲೂ ತಿದ್ದುತ್ತಿರುವವರು ಭದ್ರಾವತಿಯ ಹೆಸರು ಕೇಳಿದವರಲ್ಲ. ಭಾವ ಈಗ ಅದರಲ್ಲಿ ಪತ್ರಿಕೆ ಓದುತ್ತಾರೆ.

2013ರ ಡ್ರೈವರ್ ಇರುವ ಪೆನ್‌ಡ್ರೈವನ್ನು ಎಸೆಯಲು ಹೊರಟಿದ್ದೆ. "ಇರಲಿ ಬಿಡಿ ಮಾಮ" ಎಂದು ಅವಳು ಅದನ್ನು ರೇಡಿಯೊದ ಕವಚದ ಜೇಬಿನಲ್ಲಿ, ಅಜ್ಜನ ಪರವಾನಗಿ ಪುಸ್ತಕದ ಜೊತೆ ಇಟ್ಟಳು.