ಆನಂದಪುರ ಎಂಬ ಹೆಸರಿನೊಳಗಿನ ಮನುಷ್ಯ

"ಯಾವ ಆನಂದಪುರ?" ಕೊಡಗು ದಾಟಿದರೆ ನಮ್ಮೂರಿನವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಸಾಗರದ ಕಡೆ ಇನ್ನೊಂದು ಆನಂದಪುರವಿದೆ. ಅಲ್ಲಿ ರೈಲು ನಿಲ್ಲುತ್ತದೆ, ಚಂಪಕ ಸರಸಿ ಎಂಬ ಚೆಂದದ ಕೊಳವಿದೆ, ಕೆಳದಿಯ ವೆಂಕಟಪ್ಪ ನಾಯಕನ ಪ್ರೇಮದ ಕತೆಯಿದೆ. ನಮಗೆ ಕೊಳವೂ ಇಲ್ಲ, ರಾಜನೂ ಇಲ್ಲ. ರೈಲಂತೂ ಕೊಡಗಿಗೇ ಬಂದಿಲ್ಲ.

ನಮ್ಮದು ಸಿದ್ದಾಪುರದ ಕಡೆಯ ಆನಂದಪುರ. ಕಾಫಿ ತೋಟ, ಮರಕ್ಕೆ ಹಬ್ಬಿದ ಕರಿಮೆಣಸು, ಕೂಲಿಯವರ ಲೈನ್ ಮನೆಗಳು, ಒಂದು ಚರ್ಚು. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 5,54,519. ಅದರಲ್ಲಿ ನಮ್ಮ ಪಾಲು ಒಂದು ಹಿಡಿ. ಆನೆ ಕಾಟದ ಬಗ್ಗೆ ಬರೆಯಲು ಕೂತರೆ ಬೇರೇನೂ ಬರೆಯಲಾಗದು, ಅದನ್ನು ಬಿಟ್ಟಿದ್ದೇನೆ.

ನನ್ನನ್ನು ಕಾಡಿದ್ದು ಊರ ಹೆಸರು. ಆನಂದವಾಗಿರುವ ಪುರ, ಆದ್ದರಿಂದ ಆನಂದಪುರ ಎಂದೇ ಚಿಕ್ಕಂದಿನಲ್ಲಿ ಕಲಿತೆವು. ದಿನಗೂಲಿಯವರ ಮಕ್ಕಳಾದ ನಮಗೆ ಆನಂದ ಎಲ್ಲಿದೆಯೆಂದು ಆಗ ಕಾಣಲಿಲ್ಲ. ದೊಡ್ಡವನಾದ ಮೇಲೆ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ನಿನ ಚರಿತ್ರೆ ಓದುತ್ತ ಹೋದಾಗ ಆ ಹೆಸರಿನೊಳಗೆ ಒಬ್ಬ ಮನುಷ್ಯ ಕೂತಿರುವುದು ಗೊತ್ತಾಯಿತು: ಆನಂದರಾವ್ ಕೌಂಡಿನ್ಯ.

ಅವರು 1825ರಲ್ಲಿ ಹುಟ್ಟಿದ ಮಂಗಳೂರಿನ ಸಾರಸ್ವತ ಬ್ರಾಹ್ಮಣ. ಆ ಮಿಶನ್ನಿನ ಪಾದ್ರಿ ಹೆರ್ಮನ್ ಮೋಗ್ಲಿಂಗ್ ನಡೆಸುತ್ತಿದ್ದ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದವರು ಇದೇ ಮೋಗ್ಲಿಂಗರು. ಮರುವರ್ಷ ಜನವರಿಯಲ್ಲಿ ಆನಂದರಾಯರು ದೀಕ್ಷಾಸ್ನಾನ ಪಡೆದು ಗುರುವಿನ ಹೆಸರನ್ನೂ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಆದರು. ಪೇಟೆಯಲ್ಲಿ ದೊಡ್ಡ ಗುಲ್ಲೆದ್ದಿತು. ಮನೆ ಹೋಯಿತು, ಜಾತಿ ಹೋಯಿತು. ಮದುವೆಯಾಗಿದ್ದ ಹೆಂಡತಿ ಅವರ ಹಿಂದೆ ಬರಲಿಲ್ಲ. ಆ ಹೆಣ್ಣುಮಗಳ ನೋವನ್ನು ಕೇಳಿ ಬರೆದಿಟ್ಟವರಿಲ್ಲದೆ ಈ ಕತೆ ಯಾವಾಗಲೂ ಒಂದೇ ಕಡೆಯಿಂದ ಬರುತ್ತದೆ.

1846ರಲ್ಲಿ ಗುರುವಿನೊಂದಿಗೆ ಹಡಗು ಹತ್ತಿದರು. ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಅಭಿಷಿಕ್ತರಾಗಿ ಮರಳಿದರು. ಬಾಸೆಲ್ ಮಿಶನ್ನಿನಲ್ಲಿ ಆ ಪದವಿಗೇರಿದ ಮೊದಲ ಭಾರತೀಯ ಅವರೇ. ಮುಂದೆ ಮಂಗಳೂರಿನ ಬಲ್ಮಠದ ಸೆಮಿನರಿಯಲ್ಲಿ ಪಾಠ ಹೇಳುವುದೇ ಅವರ ಕಾಯಕವಾಯಿತು. ಊರೂರಿನ ಸಭೆಗಳಿಗೆ ಹೋಗಬೇಕಾದ ಉಪದೇಶಿಗಳು ತಯಾರಾಗುತ್ತಿದ್ದುದು ಅಲ್ಲಿ. ಬಿಳಿಯ ಅಧ್ಯಾಪಕರು ಕನ್ನಡ ಕಲಿತು ಕಲಿಸುತ್ತಿದ್ದ ಜಾಗದಲ್ಲಿ ಕನ್ನಡ ನಾಡಿನಲ್ಲೇ ಹುಟ್ಟಿದ ಒಬ್ಬರು ಗುರುಪೀಠದಲ್ಲಿ ಕೂತದ್ದು ಸಣ್ಣ ಮಾತಲ್ಲ.

ಇನ್ನು ನಮ್ಮೂರು. ಕೊಡಗಿನಲ್ಲಿ ಆಗ ಭೂಮಿ ಕೈಬದಲಾದರೆ ಅದರಲ್ಲಿ ದುಡಿಯುವ ಹೊಲೆಯ ಕುಟುಂಬಗಳೂ ಕೈಬದಲಾಗುತ್ತಿದ್ದ ಕಾಲವಿತ್ತು. 1853ರ ಹೊತ್ತಿಗೆ ಇಲ್ಲಿಗೆ ಬಂದ ಮೋಗ್ಲಿಂಗರ ಬಳಿ ಆ ಜನ ಕೂಡಿದರು. ಅವರಿಗೆ ನಿಲ್ಲಲು ಸ್ವಂತ ನೆಲ ಬೇಕಿತ್ತು. ನೆಲಕ್ಕೆ ಹಣ ಕೊಟ್ಟವರು ಕೌಂಡಿನ್ಯರು. ಕಾಡು ಕಡಿದು, ಕಾಫಿ ನೆಟ್ಟು, ಹಟ್ಟಿ ಕಟ್ಟಿದ ಆ ನೆಲೆಗೆ ಆನಂದಪುರ ಎಂಬ ಹೆಸರಾಯಿತು.

ವಾದ ಇರುವುದು ಇಲ್ಲಿಯೇ. "ಆನಂದ ಅಂದರೆ ಸಂತೋಷ, ಅಷ್ಟೇ. ಒಬ್ಬ ಬ್ರಾಹ್ಮಣನ ಹೆಸರು ನಮಗ್ಯಾಕೆ?" ಎಂದು ನಮ್ಮೂರಿನ ಹಿರಿಯರೊಬ್ಬರು ನನ್ನನ್ನು ಗದರಿದ್ದುಂಟು. ಕಾಡು ಕಡಿದವರು ಅವರ ಮುತ್ತಜ್ಜಂದಿರು, ಆ ಸಿಟ್ಟು ನ್ಯಾಯವೇ. ಆದರೆ ಹುಟ್ಟಿದ ಜಾತಿಯನ್ನು ಕಳೆದುಕೊಂಡವನೊಬ್ಬ ತನ್ನ ಗಂಟು ಬಿಚ್ಚಿದ್ದು ಜಾತಿಯ ಅತಿ ಕೆಳಗೆ ತುಳಿಯಲ್ಪಟ್ಟವರಿಗೆ. ಮಾತಿನ ರುಚಿ ಬಲ್ಲ ಮೋಗ್ಲಿಂಗರಿಗೆ ಎರಡೂ ಅರ್ಥ ಹೊಳೆದಿರಲೇಬೇಕು ಎಂಬುದು ನನ್ನ ಊಹೆ.

1860ರಲ್ಲಿ ಮೋಗ್ಲಿಂಗರು ಜರ್ಮನಿಗೆ ಮರಳಿದರು. ಅದೇ ವರ್ಷ ಕೌಂಡಿನ್ಯರು ವುರ್ಟೆಂಬರ್ಗಿನಿಂದ ಬಂದ ಮರಿ ರೈನ್‌ಹಾರ್ಟ್‌ರನ್ನು ಮದುವೆಯಾದರು. ಕರಾವಳಿಯ ಗಂಡ, ಜರ್ಮನಿಯ ಹೆಂಡತಿ. ಆ ಕಾಲದಲ್ಲಿ ಎರಡೂ ಕಡೆಯವರ ಹುಬ್ಬೇರಿಸಿದ ಸಂಸಾರ. ಮನೆ ತುಂಬ ಮಕ್ಕಳಾದರು. ಒಂದು ಮನೆ ಕಳೆದುಕೊಂಡವರು ಇನ್ನೊಂದನ್ನು ಅಷ್ಟು ತುಂಬಿಕೊಂಡರಲ್ಲ ಎಂದು ನನಗೆ ಸಮಾಧಾನ. ಅತ್ತ ಕಾಫಿಗೆ ಕಾಂಡಕೊರಕ ಹುಳು ಬಿದ್ದು ಕೊಡಗಿನ ತೋಟಗಳು ಸೊರಗಿದವು. ಪಾದ್ರಿಯ ಕೆಲಸ, ಮೇಷ್ಟ್ರ ಕೆಲಸ ಎರಡನ್ನೂ ಮಾಡುತ್ತಲೇ ಕೌಂಡಿನ್ಯರು 1893ರ ಫೆಬ್ರವರಿ 1ರಂದು ತೀರಿಕೊಂಡರು.

ಅದೇ ಮಿಶನ್ನಿನ ಕಿಟ್ಟೆಲರ ಕನ್ನಡ ನಿಘಂಟು ಹೊರಬಂದದ್ದು ಅದರ ಮರುವರ್ಷ. ಕಿಟ್ಟೆಲರನ್ನು ನಾಡು ಮರೆಯಲಿಲ್ಲ, ಮರೆಯಲೂ ಬಾರದು. ಮೋಗ್ಲಿಂಗರನ್ನು ಪತ್ರಿಕಾ ದಿನದಂದು ವರ್ಷಕ್ಕೊಮ್ಮೆ ನೆನೆಯುತ್ತೇವೆ. ಮಂಗಳೂರಿನಲ್ಲೇ ಹುಟ್ಟಿದ ಈ ಮೇಷ್ಟ್ರಿಗೆ ಮಾತ್ರ ನಾವಿಟ್ಟುಕೊಂಡ ದಿನವಿಲ್ಲ.

ಸಂಜೆ ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೆಲಸ ಮುಗಿಸಿ ಬಂದ ಹೆಂಗಸರು ಚೀಲ ಇಳಿಸಿ ನಿಂತಿರುತ್ತಾರೆ. ಎಲ್ಲಿಗೆ ಎಂದು ಕೇಳಿದರೆ ಪೂರ್ತಿ ಹೆಸರು ಹೇಳುವ ಪುರುಸೊತ್ತು ಅವರಿಗಿಲ್ಲ. "ಆನಂದ್‌ಪುರ" ಎನ್ನುತ್ತಾರೆ, ಯಾರನ್ನೋ ಹೆಸರು ಹಿಡಿದು ಕರೆದ ಹಾಗೆ.